ಬಿಒಡಿ ಇನ್‌ಕ್ಯುಬೇಟರಿನೊಳಗೆ ನೊಣಗಳ ಬೆಳಗು

ಹಣ್ಣುನೊಣ ಕೋಶ ಒಡೆದು ಹೊರಗೆ ಬರುವುದು ನಸುಕಿನಲ್ಲಿ, ಇಲ್ಲವೇ ಬೆಳಕಾದ ಮೊದಲ ಕೆಲವು ಗಂಟೆಗಳಲ್ಲಿ. ಆಗಷ್ಟೇ ಬಂದ ನೊಣದ ರೆಕ್ಕೆ ಮುದುಡಿಕೊಂಡು ಒದ್ದೆಯಾಗಿರುತ್ತದೆ, ಮೈ ಇನ್ನೂ ಗಟ್ಟಿಯಾಗಿರುವುದಿಲ್ಲ. ಬಿಸಿಲೇರಿದ ಮೇಲೆ ಬಂದರೆ ರೆಕ್ಕೆ ಬಿಚ್ಚುವ ಮುಂಚೆಯೇ ಒಣಗುವ ಅಪಾಯವಿದೆ, ಆದ್ದರಿಂದಲೇ ಈ ಹೊತ್ತು ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ನನಗೆ ಅದಕ್ಕಿಂತ ಸೋಜಿಗ ಅನಿಸಿದ್ದು ಬೇರೆ. ಒಳಗೆ ಬೆಳವಣಿಗೆ ಮುಗಿದು ತಯಾರಾದ ನೊಣ, ಆ ದಿನದ ಹೊತ್ತು ಮೀರಿಹೋಗಿದ್ದರೆ ಹೊರಬರುವುದಿಲ್ಲ, ಮಾರನೆಯ ಬೆಳಗಿಗೆ ಕಾಯುತ್ತದೆ. ಈ ಕ್ಷೇತ್ರದವರು ಇದನ್ನು ಗೇಟ್ ಎನ್ನುತ್ತಾರೆ. ಗೇಟ್ ತೆಗೆಯುವುದು, ಹಾಕುವುದು ನೊಣದ ಒಳಗಿನ ಗಡಿಯಾರ. ಕೋಶವನ್ನು ಕಗ್ಗತ್ತಲಲ್ಲಿಟ್ಟರೂ ಆ ಗಡಿಯಾರ ನಿಲ್ಲುವುದಿಲ್ಲ.

ಇದನ್ನು ನಂಬಲು ಪುಸ್ತಕ ಸಾಕು. ನೋಡಬೇಕೆಂದರೆ ಏನು ಬೇಕು? ನಾನು ಹಾಸನ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮಲ್ಲಿ ಸಂಶೋಧನಾ ಅನುದಾನವೆಂಬುದಿಲ್ಲ. ಒಳಗಿನ ಶಾಖವನ್ನು ಒಂದೇ ಮಟ್ಟದಲ್ಲಿಡುವ, ಮೈಕ್ರೋಬಯಾಲಜಿಯವರ ಹಳೆಯದೊಂದು ಬಿಒಡಿ ಇನ್‌ಕ್ಯುಬೇಟರ್, ಕೆಲವು ಡಜನ್ ಗಾಜಿನ ವಯಲ್ (ಸಣ್ಣ ಸೀಸೆ), ಅಂತಿಮ ವರ್ಷದ ಬಿಎಸ್ಸಿ ಹುಡುಗ ಹುಡುಗಿಯರು, ಇಷ್ಟಿದ್ದವು. ಇಷ್ಟರಲ್ಲೇ ನೊಣದ ಗಡಿಯಾರವನ್ನು ಅಳೆಯಬಹುದು. ಹೇಗೆ ಅಳೆದೆವು ಎಂಬುದನ್ನು ಬೇರೆ ಕಾಲೇಜಿನವರಿಗೂ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಈ ವಿಧಾನ ಹೊಸದಲ್ಲ. ಜೀವವಿಜ್ಞಾನಿ ಕಾಲಿನ್ ಪಿಟೆಂಡ್ರಿಗ್ 1954ರಲ್ಲಿ ನೊಣಗಳು ಹೊರಬರುವ ಹೊತ್ತನ್ನು ಎಣಿಸಿಯೇ, ತಾಪಮಾನ ಬದಲಾದರೂ ಈ ಗಡಿಯಾರದ ವೇಗ ಹೆಚ್ಚುಕಡಿಮೆ ಬದಲಾಗುವುದಿಲ್ಲ ಎಂದು ತೋರಿಸಿದ. 1971ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೊನಾಲ್ಡ್ ಕೊನೊಪ್ಕಾ ಮತ್ತು ಸೀಮೋರ್ ಬೆಂಜರ್ ಹುಡುಕಿದ್ದೂ ತಪ್ಪು ಹೊತ್ತಿನಲ್ಲಿ ಹೊರಬರುವ ನೊಣಗಳನ್ನೇ. ಅವರಿಗೆ ಮೂರು ಬಗೆಯವು ಸಿಕ್ಕವು. ಒಂದರ ದಿನ 19 ಗಂಟೆಯದು, ಇನ್ನೊಂದರದು 28 ಗಂಟೆಯದು, ಮೂರನೆಯದಕ್ಕೆ ಲೆಕ್ಕವೇ ಇಲ್ಲ. ಮೂರರ ದೋಷವೂ ಎಕ್ಸ್ ವರ್ಣತಂತುವಿನ ಒಂದೇ ಜಾಗದಲ್ಲಿತ್ತು. ಆ ವಂಶವಾಹಿಗೆ ಪೀರಿಯಡ್ ಎಂದು ಹೆಸರಾಯಿತು. 2017ರ ನೊಬೆಲ್ ಬಂದಿದ್ದು ಈ ವಂಶವಾಹಿ ಕೆಲಸ ಮಾಡುವ ಬಗೆಯನ್ನು ಬಿಡಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್, ಮೈಕೆಲ್ ಯಂಗ್ ಅವರಿಗೆ. ಅದು ಮುಂದಿನ ಮಾತು. ಮೊದಲು ಅಡುಗೆ.

ನೊಣ ತಂದಿದ್ದು ಮೈಸೂರಿನ ಮಾನಸಗಂಗೋತ್ರಿಯ ಡ್ರೊಸೊಫಿಲ (ಹಣ್ಣುನೊಣ) ಸ್ಟಾಕ್ ಸೆಂಟರ್‌ನಿಂದ, ಒರಿಗಾನ್-ಕೆ ಎಂಬ ತಳಿ. ಕ್ಯಾಂಟೀನಿನ ಹಿಂದೆ ಕೊಳೆತ ಬಾಳೆಹಣ್ಣಿಟ್ಟರೂ ಬೇಕಾದಷ್ಟು ನೊಣ ಸಿಗುತ್ತವೆ, ಆದರೆ ಅದರಲ್ಲಿ ಹಲವು ಜಾತಿ ಬೆರೆತಿರುತ್ತವೆ. ಗಡಿಯಾರದ ಕೆಲಸಕ್ಕೆ ಒಂದೇ ತಳಿ ಇರಬೇಕು. ಆಹಾರ ಮೈಸೂರಿನ ಪ್ರಾಣಿಶಾಸ್ತ್ರದವರು ವರ್ಷಗಳಿಂದ ಬಳಸುತ್ತಿರುವುದೇ: ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ರವೆ, 10 ಗ್ರಾಂ ಅಗರ್, ಬೂಸ್ಟು ಹಿಡಿಯದಂತೆ 7.5 ಮಿಲಿಲೀಟರ್ ಪ್ರೊಪಿಯಾನಿಕ್ ಆಮ್ಲ. ತುಪ್ಪ ಹಾಕದ ಕೇಸರಿಬಾತ್ ಅನ್ನಿ. ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದಲ್ಲಿ ಬಾಳೆಹಣ್ಣು ಮತ್ತು ಬೆಲ್ಲದ ಪಾಕದಲ್ಲಿ ಸಾಕುತ್ತಾರೆ, ಅದೂ ಆಗುತ್ತದೆ. ಆಮ್ಲವನ್ನು ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ ಹಾಕಿ, ಕುದಿಯುವಾಗ ಹಾಕಿದರೆ ಅದರ ಹಬೆ ಕಣ್ಣು ಮೂಗು ಸುಡುತ್ತದೆ. 25 ಡಿಗ್ರಿಯಲ್ಲಿ ಮೊಟ್ಟೆಯಿಂದ ನೊಣವಾಗಲು ಸುಮಾರು ಹತ್ತು ದಿನ. ನಾವು ಬಾಟಲಿ ಬಾಟಲಿ ಆಹಾರ ತುಂಬಿ, ಅರಿವೆಯಲ್ಲಿ ಸುತ್ತಿ, ದಿನಾ ಇಣುಕಿ ನೋಡುವುದನ್ನು ಕಂಡು ನಮ್ಮ ಅಟೆಂಡರ್ ಕೇಳಿದ್ದು, "ಏನ್ ಮೇಡಂ, ನೊಣಕ್ಕೂ ಬಾಣಂತನನಾ?"

ಕಷ್ಟ ಇರುವುದು ನೊಣದಲ್ಲಲ್ಲ, ಕತ್ತಲೆಯಲ್ಲಿ. ನಿಜವಾದ ಕತ್ತಲೆಯನ್ನು ಕಾಲೇಜಿನೊಳಗೆ ಮಾಡುವುದು ಎಷ್ಟು ದೊಡ್ಡ ಕೆಲಸವೆಂದು ಇದಕ್ಕೆ ಕೈಹಾಕಿದವರಿಗೇ ಗೊತ್ತು. ನೊಣದ ಗಡಿಯಾರಕ್ಕೆ ಬೆಳಕು ತಾಕಲು ಕಣ್ಣೇ ಬೇಕೆಂದಿಲ್ಲ. ಮಿದುಳಿನ ಗಡಿಯಾರದ ನರಕೋಶಗಳೊಳಗೇ ಕ್ರಿಪ್ಟೋಕ್ರೋಮ್ ಎಂಬ ಪ್ರೋಟೀನ್ ಇದೆ, ನೀಲಿ ಬೆಳಕು ತಲೆಯ ಹೊದಿಕೆ ದಾಟಿ ನೇರ ಅದಕ್ಕೇ ತಗಲುತ್ತದೆ. ಬಾಗಿಲ ಸಂದಿಯಿಂದ ಬಂದ ಒಂದು ಗೆರೆ ಬೆಳಕು, ಕೆಲವೇ ನಿಮಿಷ ಬಿದ್ದರೂ ಗಡಿಯಾರದ ಮುಳ್ಳು ಜರುಗುತ್ತದೆ. ಬಿಒಡಿ ಇನ್‌ಕ್ಯುಬೇಟರಿನ ಬಾಗಿಲು ತೆಗೆದರೆ ಒಳಗೊಂದು ಬಲ್ಬ್ ತಾನಾಗಿ ಹೊತ್ತಿಕೊಳ್ಳುತ್ತದಲ್ಲ, ಮೊದಲು ಅದನ್ನು ಕಿತ್ತುಹಾಕಿ. ಮುಂದಿನ ಪ್ಯಾನೆಲ್ಲಿನ ಅಂಕಿಗಳಿಗೆ ಕಪ್ಪು ಟೇಪ್ ಅಂಟಿಸಿ. ಒಳಗೆ ಎರಡು ಪ್ಲೈವುಡ್ ಪೆಟ್ಟಿಗೆ ಮಾಡಿಸಿ, ಒಳಮೈಗೆ ಮಂದ ಕಪ್ಪು ಬಣ್ಣ ಹೊಡೆಸಿ, ಮುಚ್ಚಳದ ಅಂಚಿಗೆ ಕಪ್ಪು ಸ್ಪಂಜು ಹಾಕಿದೆವು. ಪರೀಕ್ಷೆ ಸುಲಭ: ರಾತ್ರಿ ಕೋಣೆಯ ದೀಪವೆಲ್ಲ ಆರಿಸಿ, ಪೆಟ್ಟಿಗೆಯೊಳಗೆ ಪ್ರಖರ ಟಾರ್ಚ್ ಹೊತ್ತಿಸಿಟ್ಟು, ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಹೊರಗಿನಿಂದ ನೋಡಿ. ಎಲ್ಲೆಲ್ಲಿ ಮಿನುಗು ಕಾಣುತ್ತದೋ ಅಲ್ಲೆಲ್ಲ ಟೇಪ್.

ಎಣಿಸುವಾಗ ನಮಗೆ ಬೆಳಕು ಬೇಕು, ನೊಣಕ್ಕೆ ಬೆಳಕು ಬೀಳಬಾರದು. ಅದಕ್ಕೆ ಕಡುಕೆಂಪು ಎಲ್‌ಇಡಿ, ನೊಣದ ಕಣ್ಣಿಗೆ ಕಡುಕೆಂಪು ಕಾಣುವುದು ಬಲು ಕಡಿಮೆ. ಬಿಳಿ ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿದರೆ ಆಯಿತಲ್ಲ ಎಂದು ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತಾರೆ. ಆ ಬೆಳಕನ್ನು ಹಳೆಯ ಸಿಡಿಯೊಂದರ ಮೇಲೆ ಬೀಳಿಸಿ ಪ್ರತಿಫಲನ ನೋಡಿ ಎನ್ನುತ್ತೇನೆ. ಕೆಂಪಿನ ಪಕ್ಕದಲ್ಲಿ ಹಸಿರು, ನೀಲಿ ಪಟ್ಟಿ ಕಂಡರೆ ಆ ಕಾಗದ ಸೋರುತ್ತಿದೆ ಎಂದೇ ಅರ್ಥ.

ಇನ್ನು ಶಾಖ. ಗಡಿಯಾರದ ವೇಗವನ್ನು ತಾಪಮಾನ ಬದಲಿಸುವುದಿಲ್ಲ ನಿಜ, ಆದರೆ ದಿನಕ್ಕೊಮ್ಮೆ ಏರಿಳಿಯುವ ತಾಪಮಾನ ಗಡಿಯಾರಕ್ಕೆ ಹೊತ್ತು ಹೇಳಿಕೊಡುತ್ತದೆ. ಮಧ್ಯಾಹ್ನ ಬೆಚ್ಚಗಾಗಿ ರಾತ್ರಿ ತಣ್ಣಗಾಗುವ ಕೋಣೆಯಲ್ಲಿ ಕತ್ತಲೆ ಪೆಟ್ಟಿಗೆ ಇಟ್ಟು "ನೋಡಿ, ಕತ್ತಲಲ್ಲೂ 24 ಗಂಟೆ ಬಂತು" ಎಂದರೆ ಅದು ಸಾಕ್ಷಿಯಾಗುವುದಿಲ್ಲ. ನೊಣ ಬೆಳಕು ಬಿಟ್ಟು ಶಾಖವನ್ನು ಹಿಡಿದಿರುತ್ತದೆ, ಅಷ್ಟೇ. ಎಲ್‌ಇಡಿ ಪಟ್ಟಿ ಕೂಡ ಹೊತ್ತಿದಾಗ ಪೆಟ್ಟಿಗೆಯನ್ನು ಬಿಸಿ ಮಾಡುತ್ತದೆ, ಹಾಗಾಗಿ ಕಡಿಮೆ ವ್ಯಾಟಿನದು ಹಾಕಿ ಕಂಪ್ಯೂಟರಿನ ಸಣ್ಣ ಫ್ಯಾನ್ ಕೂರಿಸಿದೆವು. ನಮ್ಮೂರಿನಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳುವಂತಿಲ್ಲ. ದೀಪ ಮತ್ತು ಟೈಮರ್ 12 ವೋಲ್ಟ್ ಬ್ಯಾಟರಿಯ ಮೇಲೆ ನಡೆಯುತ್ತವೆ. ಇನ್‌ಕ್ಯುಬೇಟರಿನ ಖಾಲಿ ಜಾಗದಲ್ಲೆಲ್ಲ ನೀರು ತುಂಬಿದ ಬಾಟಲಿಗಳನ್ನು ಒತ್ತೊತ್ತಾಗಿ ಇಟ್ಟಿದ್ದೇವೆ. ಕರೆಂಟ್ ಹೋದರೂ ಒಳಗಿನ ಶಾಖ ತಟ್ಟನೆ ಬದಲಾಗುವುದಿಲ್ಲ.

ಪೆಟ್ಟಿಗೆ ಸರಿಯಾಯಿತೇ ಎಂದು ನೋಡಲು ಮೊದಲು ಇಟ್ಟಿದ್ದು ಹುಣಸೆ ಸಸಿ. ಸಂಜೆಯಾದರೆ ಹುಣಸೆ ಎಲೆ ಮಡಚಿಕೊಳ್ಳುವುದು ನಮಗೆಲ್ಲ ಚಿಕ್ಕಂದಿನಿಂದ ಗೊತ್ತು. ಅಲೆಕ್ಸಾಂಡರನ ನೌಕಾಪಡೆಯ ಆಂಡ್ರೊಸ್ತನೀಸ್ ಬಹ್ರೇನ್ ದ್ವೀಪದಲ್ಲಿ ಕಂಡು ಬರೆದಿಟ್ಟಿದ್ದೂ ಹುಣಸೆಯ ಈ ಮಡಚಾಟವನ್ನೇ. 1729ರಲ್ಲಿ ಫ್ರಾನ್ಸಿನ ದ ಮೆರಾನ್ ಮುಟ್ಟಿದರೆ ಮುನಿಯಂಥ ಗಿಡವನ್ನು ಕತ್ತಲಲ್ಲಿಟ್ಟು, ಬಿಸಿಲಿಲ್ಲದೆಯೂ ಎಲೆ ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುವುದನ್ನು ನೋಡಿದ. ನೊಣ ಸಾಕಲು ಅನುಕೂಲವಿಲ್ಲದ ಹೈಸ್ಕೂಲಿನವರು ಇಷ್ಟನ್ನೇ ಮಾಡಿದರೂ ಸಾಕು. ಖರ್ಚು ಒಂದು ಹಿಡಿ ಹುಣಸೆ ಬೀಜ.

ಹೊತ್ತು ಹೊತ್ತಿಗೆ ನೊಣ ಎಣಿಸಬೇಕು, ಎರಡು ಗಂಟೆಗೊಮ್ಮೆ, ಹಗಲೂ ರಾತ್ರಿ. ಕಾಲೇಜಿನಲ್ಲಿ ಇದು ನಡೆಯುವ ಮಾತಲ್ಲ. ಅದಕ್ಕೇ ಎರಡು ಪೆಟ್ಟಿಗೆ. ಒಂದರಲ್ಲಿ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಬೆಳಕು. ಇನ್ನೊಂದರಲ್ಲಿ ತದ್ವಿರುದ್ಧ, ಸಂಜೆ 6ಕ್ಕೆ ಅದರ ಸೂರ್ಯೋದಯ. ಮೊಟ್ಟೆಯಿಂದಲೇ ಆಯಾ ಪೆಟ್ಟಿಗೆಯಲ್ಲಿ ಬೆಳೆದ ಕೋಶಗಳು. ಬೆಳಿಗ್ಗೆ 7ರಿಂದ ಸಂಜೆ 7ರವರೆಗೆ ಎರಡನ್ನೂ ಎಣಿಸಿದರೆ, ಒಂದರಿಂದ ನೊಣದ ಹಗಲು ಸಿಗುತ್ತದೆ, ಇನ್ನೊಂದರಿಂದ ನೊಣದ ರಾತ್ರಿ. ಎರಡನ್ನೂ ಜೋಡಿಸಿದರೆ ಪೂರ್ತಿ ದಿನ. ವಯಲ್ಲಿನಲ್ಲಿ ಹೊಸದಾಗಿ ಬಂದ ನೊಣಗಳನ್ನು ಖಾಲಿ ಬಾಟಲಿಗೆ ತಟ್ಟಿ, ಈಥರ್ ಕೊಟ್ಟು, ಬಿಳಿ ಟೈಲ್ ಮೇಲೆ ಸುರಿದು ಎಣಿಸುವುದು. ಕೋಶಗಳು ವಯಲ್ಲಿನ ಗೋಡೆಗೆ ಅಂಟಿಕೊಂಡಿರುವುದರಿಂದ ಅವು ಬೀಳುವುದಿಲ್ಲ.

ಬೆಳಕು ಕತ್ತಲೆ ಇದ್ದ ದಿನಗಳಲ್ಲಿ ಗ್ರಾಫು ಪುಸ್ತಕದಲ್ಲಿದ್ದ ಹಾಗೇ ಬಂತು, ದೀಪ ಹೊತ್ತುವ ಹೊತ್ತಿನ ಸುತ್ತ ಎತ್ತರದ ಗೋಪುರ, ಸಂಜೆ ಹೊತ್ತಿಗೆ ಬಹುತೇಕ ಸೊನ್ನೆ. ಹುಡುಗರಿಗೆ ಅದೇನೂ ದೊಡ್ಡದೆನಿಸಲಿಲ್ಲ. "ದೀಪ ಹತ್ತಿತು, ಬಂದ್ವು" ಎಂದರು. ಟೈಮರ್ ತೆಗೆದು ಎರಡೂ ಪೆಟ್ಟಿಗೆಯನ್ನು ಪೂರ್ತಿ ಕತ್ತಲು ಮಾಡಿದ ಮಾರನೆಯ ದಿನ ಮಾತು ಬದಲಾಯಿತು. ಮೊದಲನೆಯ ಪೆಟ್ಟಿಗೆಯ ನೊಣ ಬೆಳಿಗ್ಗೆಯೇ ಬಂದವು, ಎರಡನೆಯದರವು ಸಂಜೆಯೇ ಬಂದವು. ಎರಡೂ ಪೆಟ್ಟಿಗೆ ಒಂದೇ ಇನ್‌ಕ್ಯುಬೇಟರಿನಲ್ಲಿ, ಒಂದೇ ಶಾಖದಲ್ಲಿ, ಒಂದೇ ಕತ್ತಲಲ್ಲಿ. ಹೊರಗಿನದ್ಯಾವುದೋ ಸೂಚನೆ ಅವಕ್ಕೆ ಸಿಗುತ್ತಿದ್ದರೆ ಎರಡೂ ಒಟ್ಟಿಗೆ ಬರಬೇಕಿತ್ತು. ಸೌಕರ್ಯಕ್ಕೆಂದು ಮಾಡಿಕೊಂಡ ಎರಡು ಪೆಟ್ಟಿಗೆಯೇ ಪ್ರಯೋಗದ ಅತಿ ಗಟ್ಟಿ ವಾದವಾಗಿ ನಿಂತಿತು.

ಆದರೂ ಜೋಡಿಸಿದ ದಿನವೂ ನಿಜವಾದ ದಿನವೂ ಒಂದೇ ಎಂದು ತೋರಿಸಲು ಒಮ್ಮೆಯಾದರೂ ಸುತ್ತುಹೊತ್ತು ಎಣಿಸಬೇಕಲ್ಲ. ಪ್ರಿನ್ಸಿಪಾಲರ ಅನುಮತಿ ಪಡೆದು ಕೆಲವು ಹುಡುಗರು, ನಾನು, ಅಟೆಂಡರ್ ರಾತ್ರಿ ಉಳಿದೆವು. ಹುಡುಗಿಯರು ಹಗಲಿನ ಪಾಳಿ ತೆಗೆದುಕೊಂಡರು. ಎಣಿಕೆಯ ಪಟ್ಟಿಯಲ್ಲಿ ನೊಣದ ಕಾಲಮ್ಮಿನ ಪಕ್ಕ ಇನ್ನೊಂದು ಕಾಲಮ್ ಎಳೆದೆ. ಎಣಿಸಿದವರು ಆ ಹೊತ್ತಿನ ತಮ್ಮ ತೂಕಡಿಕೆಯ ಅಂಕಿ ಬರೆಯಬೇಕು. 1990ರಿಂದ ಬಳಕೆಯಲ್ಲಿರುವ ಕರೋಲಿನ್‌ಸ್ಕಾ ಅಳತೆ ಅದು: 1 ಎಂದರೆ ಪೂರ್ತಿ ಎಚ್ಚರ, 9 ಎಂದರೆ ಕಣ್ಣು ಬಿಡಲಾಗದಷ್ಟು ನಿದ್ದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡದಂತೆ ಚೀಟಿಯಲ್ಲಿ ಬರೆಸಿದೆ.

ನನ್ನ ಮಟ್ಟಿಗೆ ಈ ಎರಡನೆಯ ಕಾಲಮ್ಮೇ ಆ ರಾತ್ರಿಯ ಫಲ. ಹನ್ನೊಂದರವರೆಗೆ ಎಲ್ಲರೂ ಹುರುಪಿನಲ್ಲಿದ್ದರು. ಒಂದರ ಎಣಿಕೆಗೆ ಅಂಕಿ ಏರಿತು. ಮೂರಕ್ಕೆ ಇನ್ನೂ ಏರಿತು. ಐದರ ಎಣಿಕೆಗೆ ಬಹುತೇಕ ಎಲ್ಲರೂ 8, 9. ಒಬ್ಬ ಹುಡುಗ ಚೀಟಿಯಲ್ಲಿ ಅಂಕಿಯ ಬದಲು ನೊಣದ ಎಣಿಕೆಯನ್ನೇ ಬರೆದಿದ್ದ. ಅದೇ ಹೊತ್ತಿಗೆ ಕತ್ತಲ ಪೆಟ್ಟಿಗೆಯೊಳಗೆ ನೊಣಗಳು ಒಂದೊಂದಾಗಿ ಗೇಟು ದಾಟುತ್ತಿದ್ದವು. ಆಮೇಲೆ ಏಳಾಯಿತು, ಒಂಬತ್ತಾಯಿತು. ನಿದ್ದೆಗೆಟ್ಟ ಗಂಟೆಗಳು ಹೆಚ್ಚುತ್ತಲೇ ಹೋದವು, ಅಂಕಿ ಮಾತ್ರ ಇಳಿಯಿತು. ಒಂಬತ್ತರಲ್ಲಿ ಬಹಳಷ್ಟು ಜನ 5, 6 ಬರೆದಿದ್ದರು.

"ಇಡ್ಲಿ ತಿಂದ್ವಲ್ಲ ಮೇಡಂ, ಅದಕ್ಕೆ" ಎಂದ ಒಬ್ಬ. ಹೊಟ್ಟೆ ತುಂಬಿದ್ದು, ಬೆಳಕು ಬಿದ್ದದ್ದು, ಓಡಾಡಿದ್ದು ಎಲ್ಲವೂ ಸೇರಿರಬಹುದು, ನಮ್ಮ ಪ್ರಯೋಗದಿಂದ ಅವನ್ನು ಬೇರ್ಪಡಿಸಲಾಗದು. ಬೇರ್ಪಡಿಸಲೆಂದೇ ನಿದ್ರಾ ಪ್ರಯೋಗಾಲಯಗಳಲ್ಲಿ ಒಂದು ಕ್ರಮವಿದೆ. ಮಂಕು ಬೆಳಕಿನಲ್ಲಿ ಒರಗಿ ಕೂರಿಸಿ, ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವೇ ತಿಂಡಿ ಕೊಡುತ್ತ, 24 ಗಂಟೆಗೂ ಹೆಚ್ಚು ಹೊತ್ತು ಎಚ್ಚರವಾಗಿಯೇ ಇರಿಸುತ್ತಾರೆ. ಅಲ್ಲೂ ನಸುಕಿನಲ್ಲಿ ಎಚ್ಚರ ಪಾತಾಳಕ್ಕಿಳಿದು ಹಗಲಾಗುತ್ತಿದ್ದಂತೆ ಅಷ್ಟಿಷ್ಟು ಮೇಲೇರುತ್ತದೆ. ಇದಕ್ಕೆ 1982ರಲ್ಲಿ ನಿದ್ರಾ ವಿಜ್ಞಾನಿ ಅಲೆಕ್ಸಾಂಡರ್ ಬೋರ್ಬೆಲಿ ಕೊಟ್ಟ ವಿವರಣೆ ಇಂದಿಗೂ ಪಾಠ ಮಾಡಲು ಅತಿ ಸುಲಭದ್ದು. ನಿದ್ದೆಯನ್ನು ಎರಡು ಬೇರೆ ಬೇರೆ ಲೆಕ್ಕಗಳು ನಡೆಸುತ್ತವೆ. ಒಂದು, ಎಚ್ಚರವಿದ್ದಷ್ಟೂ ಏರುವ ಒತ್ತಡ, ಮಲಗಿದರೆ ಇಳಿಯುವಂಥದು. ಮಿದುಳಿನಲ್ಲಿ ಅಡೆನೊಸಿನ್ ಕೂಡಿಕೊಳ್ಳುವುದು ಇದರ ಒಂದು ಭಾಗ, ಕಾಫಿಯಲ್ಲಿನ ಕೆಫೀನ್ ಅಡ್ಡಗಟ್ಟುವುದು ಆ ಅಡೆನೊಸಿನ್ನಿನ ಕೆಲಸವನ್ನೇ. ಇನ್ನೊಂದು ಗಡಿಯಾರ, ನಾವು ಮಲಗಿದೆವೋ ಬಿಟ್ಟೆವೋ ಕೇಳದೆ ಏರಿಳಿಯುವಂಥದು. ಮೈಶಾಖ ಅತಿ ಕಡಿಮೆ ಇರುವ ನಸುಕಿನ ನಾಲ್ಕೈದರ ಹೊತ್ತಿಗೆ ಎರಡೂ ಒಂದೇ ಕಡೆಗೆ ಎಳೆಯುತ್ತವೆ. ಒಂಬತ್ತಕ್ಕೆ ಒತ್ತಡ ಇನ್ನೂ ಏರಿಯೇ ಇರುತ್ತದೆ, ಗಡಿಯಾರ ಮಾತ್ರ ಹಗಲಿನ ಕಡೆ ತಿರುಗಿರುತ್ತದೆ. ರಾತ್ರಿ ಬಸ್ಸು ಓಡಿಸುವವರಿಗೆ, ನೈಟ್ ಡ್ಯೂಟಿ ನರ್ಸುಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಬೆಳಿಗ್ಗೆ ಮನೆಗೆ ಬಂದು ಸುಸ್ತಾಗಿದ್ದರೂ ನಿದ್ದೆ ಹತ್ತದೆ ಹೊರಳಾಡುವವರು ಅವರು.

ಈ ಪ್ರಯೋಗಕ್ಕೊಂದು ಕೊರತೆಯಿದೆ. ಒಂದು ನೊಣ ಕೋಶದಿಂದ ಹೊರಬರುವುದು ಜೀವನದಲ್ಲಿ ಒಂದೇ ಸಲ. ಆದ್ದರಿಂದ ನಾವು ಅಳೆದದ್ದು ಗುಂಪಿನ ಗಡಿಯಾರ. ಒಂದೊಂದು ನೊಣದ ಗಡಿಯಾರ ನೋಡಲು ಅದರ ಓಡಾಟ ದಾಖಲಿಸಬೇಕು. ಕಂಪನಿಯ ಯಂತ್ರ ನಮ್ಮ ಕೈಗೆಟುಕುವುದಲ್ಲ. ಭೌತಶಾಸ್ತ್ರದ ಸಹೋದ್ಯೋಗಿಯೊಬ್ಬರು ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಇಟ್ಟು ಮಾಡಿಕೊಟ್ಟರು. ತತ್ವ ಸರಳ: 5 ಮಿಲಿಮೀಟರ್ ಅಗಲದ ಗಾಜಿನ ನಳಿಕೆ, ಒಂದು ತುದಿಯಲ್ಲಿ 5 ಶೇಕಡ ಸಕ್ಕರೆ, 2 ಶೇಕಡ ಅಗರ್ ತುಂಬಿ ಮೇಣದಿಂದ ಮುಚ್ಚಿದ್ದು, ಇನ್ನೊಂದು ತುದಿಗೆ ಹತ್ತಿ. ನಡುವೆ ಅಡ್ಡವಾಗಿ ಅವಕೆಂಪು ಕಿರಣ. ಆಚೆ ಕಡೆ ಆ ಕಿರಣವನ್ನು ಗುರುತಿಸುವ ಫೋಟೊಟ್ರಾನ್ಸಿಸ್ಟರ್. ನೊಣ ದಾಟಿದಾಗಲೆಲ್ಲ ಕಿರಣ ತುಂಡಾಗಿ ಎಣಿಕೆ ಒಂದು ಏರುತ್ತದೆ, ನಿಮಿಷಕ್ಕೊಮ್ಮೆ ಮೆಮೊರಿ ಕಾರ್ಡಿಗೆ ಬರೆಯುತ್ತದೆ. 940 ನ್ಯಾನೊಮೀಟರಿನ ಅವಕೆಂಪು ನೊಣಕ್ಕೆ ಕಾಣದು. ಆದರೆ ಬೋರ್ಡಿನ ಮೇಲೆ ಸದಾ ಉರಿಯುವ ಸಣ್ಣ ದೀಪ ಚೆನ್ನಾಗಿಯೇ ಕಾಣುತ್ತದೆ, ಬೋರ್ಡನ್ನು ಪೆಟ್ಟಿಗೆಯ ಹೊರಗಿಟ್ಟು ತಂತಿ ಮಾತ್ರ ಒಳಗೆ ಬಿಡಿ. ನಳಿಕೆಗೆ ಗಂಡು ನೊಣವನ್ನೇ ಹಾಕಬೇಕು. ಹೆಣ್ಣು ಮೊಟ್ಟೆಯಿಟ್ಟು, ಲಾರ್ವ ಹುಟ್ಟಿ, ಆಹಾರವೆಲ್ಲ ಕದಡಿ ಲೆಕ್ಕ ಕೆಡುತ್ತದೆ.

ಬಂದ ಅಂಕಿಗಳನ್ನು ಕಂಪ್ಯೂಟರಿಗೆ ಕೊಡುವ ಮೊದಲು ಗ್ರಾಫ್ ಹಾಳೆಯ ಮೇಲೆ ಕೈಯಲ್ಲೇ ಬರೆಸುತ್ತೇನೆ. ಈ ಹಟ ನನ್ನದು. ಒಂದು ಸಾಲು ಒಂದು ದಿನ, ಅರ್ಧ ಗಂಟೆಗೊಂದು ಚೌಕ, ಓಡಾಟ ಹೆಚ್ಚಿದ್ದಲ್ಲಿ ಕಪ್ಪು. ಮಾರನೆಯ ದಿನ ಅದರ ಕೆಳಗೆ. ಬೆಳಕು ಕತ್ತಲೆ ಇರುವವರೆಗೆ ಕಪ್ಪು ಪಟ್ಟಿಗಳು ಒಂದರ ಕೆಳಗೊಂದು ನೆಟ್ಟಗೆ ನಿಲ್ಲುತ್ತವೆ, ಬೆಳಿಗ್ಗೆಗೊಂದು, ಸಂಜೆಗೊಂದು, ನಡುವೆ ಮಧ್ಯಾಹ್ನದ ವಿಶ್ರಾಂತಿ. ಸೂಕ್ಷ್ಮವಾಗಿ ನೋಡಿದರೆ ದೀಪ ಹೊತ್ತುವ ಮುಂಚೆಯೇ ಓಡಾಟ ಶುರುವಾಗಿರುತ್ತದೆ. ನೊಣ ಬೆಳಕಿಗೆ ಬೆಚ್ಚಿ ಏಳುವುದಿಲ್ಲ, ಬೆಳಕು ಬರುವುದನ್ನು ಮೊದಲೇ ತಿಳಿದಿರುತ್ತದೆ. ಕತ್ತಲಾದ ಮೇಲೆ ಪಟ್ಟಿ ವಾಲತೊಡಗುತ್ತದೆ. ಓಡಾಟ ಆರಂಭವಾದ ಬಿಂದುಗಳ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದು, ಹತ್ತು ದಿನದಲ್ಲಿ ಅದು ನಾಲ್ಕು ಗಂಟೆ ಮುಂಚೆ ಬಂದಿದ್ದರೆ ದಿನಕ್ಕೆ 24 ನಿಮಿಷ, ಅಂದರೆ ಆ ನೊಣದ ದಿನ 23 ಗಂಟೆ 36 ನಿಮಿಷ. ಒಂದೇ ತಳಿಯಾದರೂ ನಳಿಕೆಯಿಂದ ನಳಿಕೆಗೆ ಓರೆ ಸ್ವಲ್ಪ ಬೇರೆ. ಜಕ್ಕೂರಿನಲ್ಲಿ ವಿಜಯ್ ಕುಮಾರ್ ಶರ್ಮ ಅವರ ತಂಡ ಇಂಥ ವ್ಯತ್ಯಾಸವನ್ನೇ ಹಿಡಿದು, ಬೆಳಿಗ್ಗೆ ಹೊರಬಂದವನ್ನು ಒಂದು ಕಡೆ, ಸಂಜೆ ಹೊರಬಂದವನ್ನು ಇನ್ನೊಂದು ಕಡೆ ಪೀಳಿಗೆಯಿಂದ ಪೀಳಿಗೆಗೆ ಆರಿಸಿ ಬೆಳೆಸಿತು. ಬೆಳಗಿನವುಗಳ ಒಳದಿನ ಚಿಕ್ಕದಾಯಿತು, ಸಂಜೆಯವುಗಳದ್ದು ಉದ್ದವಾಯಿತು. ಅಲ್ಲಿ ಈ ವಿಷಯಕ್ಕೆ ಬುನಾದಿ ಹಾಕಿದವರು ಎಂ.ಕೆ. ಚಂದ್ರಶೇಖರನ್. ಅದಕ್ಕೂ ಮುಂಚೆ ಅವರು ಮದುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಗುಹೆಯ ಬಾವಲಿಗಳ ಗಡಿಯಾರದ ಮೇಲೆ ಕೆಲಸ ಮಾಡಿದವರು.

ಐದು ನಿಮಿಷ ಅಲುಗಾಡದಿದ್ದರೆ ನೊಣ ನಿದ್ದೆ ಮಾಡಿದೆ ಎಂದೇ ಲೆಕ್ಕ. ಕುಳಿತಿದೆ ಎಂದಷ್ಟೇ ಏಕೆ ಹೇಳಬಾರದು ಎಂದು ಕೇಳುವುದು ಸರಿಯೇ. 2000ದಲ್ಲಿ ಅಮೆರಿಕದ ಎರಡು ತಂಡಗಳು ಬೇರೆಬೇರೆಯಾಗಿ ಉತ್ತರ ಕೊಟ್ಟವು. ಹಾಗೆ ಕುಳಿತ ನೊಣವನ್ನು ಎಬ್ಬಿಸುವುದು ಕಷ್ಟ, ರಾತ್ರಿ ಕೆಡಿಸಿದರೆ ಮಾರನೆಯ ದಿನ ಹೆಚ್ಚು ವಿಶ್ರಮಿಸುತ್ತದೆ, ಕೆಫೀನ್ ಕೊಟ್ಟರೆ ಕಡಿಮೆ. ನಾವು ಹಳೆಯ ಮೊಬೈಲಿನ ವೈಬ್ರೇಟರ್ ಮೋಟಾರನ್ನು ಅರ್ಧ ನಳಿಕೆಗಳ ಹಲಗೆಗೆ ಕಟ್ಟಿ ರಾತ್ರಿಯಿಡೀ ಆಗಾಗ ಅಲುಗಿಸಿದೆವು. ಮಾರನೆಯ ಬೆಳಿಗ್ಗೆ ಆ ನಳಿಕೆಗಳ ಸಾಲಿನಲ್ಲಿ ಬಿಳಿ ಜಾಗ ಹೆಚ್ಚು. ಬೋರ್ಬೆಲಿಯ ಎರಡು ಲೆಕ್ಕವೂ ನೊಣದಲ್ಲಿವೆ.

ಗಡಿಯಾರದ ಒಳಗೆ ನಡೆಯುವುದನ್ನು ತರಗತಿಯಲ್ಲಿ ಹೀಗೆ ಹೇಳುತ್ತೇನೆ. ಕ್ಲಾಕ್ ಮತ್ತು ಸೈಕಲ್ ಎಂಬ ಎರಡು ಪ್ರೋಟೀನ್ ಸೇರಿ ಪೀರಿಯಡ್ ಮತ್ತು ಟೈಮ್‌ಲೆಸ್ ವಂಶವಾಹಿಗಳನ್ನು ಚಾಲೂ ಮಾಡುತ್ತವೆ. ಹೊತ್ತು ಮುಳುಗಿದ ಮೇಲೆ ಅವುಗಳ ಪ್ರೋಟೀನ್ ಜೀವಕೋಶದಲ್ಲಿ ತುಂಬತೊಡಗುತ್ತದೆ. ಡಬಲ್‌ಟೈಮ್ ಎಂಬ ಕಿಣ್ವ ಪೀರಿಯಡ್ ಪ್ರೋಟೀನನ್ನು ಬೇಗ ಕೂಡಿಕೊಳ್ಳಲು ಬಿಡುವುದಿಲ್ಲ, ಟೈಮ್‌ಲೆಸ್ ಅದಕ್ಕೆ ಆಸರೆ ಕೊಡುತ್ತದೆ. ಈ ಎಳೆದಾಟದಿಂದಲೇ ತಡವಾಗುವುದು. ತಡವಾಗದೆ ಇದ್ದರೆ ಸುತ್ತು ಕೆಲವೇ ಗಂಟೆಯಲ್ಲಿ ಮುಗಿಯುತ್ತಿತ್ತು. ನಡುರಾತ್ರಿಯ ಹೊತ್ತಿಗೆ ಜೋಡಿ ಕೋಶಕೇಂದ್ರಕ್ಕೆ ಹೋಗಿ, ತನ್ನನ್ನು ಹುಟ್ಟಿಸಿದ ಕ್ಲಾಕ್-ಸೈಕಲ್ಲನ್ನೇ ತಡೆಯುತ್ತದೆ. ಬೆಳಗಾದರೆ ಬೆಳಕು ಕ್ರಿಪ್ಟೋಕ್ರೋಮಿನ ಮೂಲಕ ಟೈಮ್‌ಲೆಸ್ಸನ್ನು ನಾಶ ಮಾಡಿಸುತ್ತದೆ. ಆಸರೆ ತಪ್ಪಿದ ಪೀರಿಯಡ್ ಕೂಡ ಕರಗುತ್ತದೆ, ಸುತ್ತು ಮತ್ತೆ ಮೊದಲಾಗುತ್ತದೆ. ಪೀರಿಯಡ್ಡಿನ ಆರ್‌ಎನ್‌ಎ ದಿನಕ್ಕೊಮ್ಮೆ ಏರಿಳಿಯುತ್ತದೆಂದು ಕಂಡದ್ದು 1990ರಲ್ಲಿ, ಟೈಮ್‌ಲೆಸ್ ಸಿಕ್ಕಿದ್ದು 1994ರಲ್ಲಿ, ಡಬಲ್‌ಟೈಮ್ 1998ರಲ್ಲಿ.

2001ರಲ್ಲಿ ಇದೇ ಕಥೆ ಮನುಷ್ಯರಲ್ಲಿ ಕಂಡಿತು. ಸಂಜೆ ಏಳೂವರೆಗೇ ನಿದ್ದೆ ಬಂದು ನಸುಕಿನ ನಾಲ್ಕೂವರೆಗೆ ಎಚ್ಚರವಾಗುವ ಒಂದು ಕುಟುಂಬದಲ್ಲಿ ಪಿಇಆರ್2 ಎಂಬ, ನಮ್ಮ ಪೀರಿಯಡ್ಡಿನ ನೆಂಟ ವಂಶವಾಹಿಯಲ್ಲಿ ಒಂದೇ ಅಕ್ಷರ ಬದಲಾಗಿತ್ತು. ಡಬಲ್‌ಟೈಮ್ ಜಾತಿಯ ಕಿಣ್ವ ಬಂದು ಹಿಡಿಯುವ ಜಾಗವೇ ಅದು. ಮನುಷ್ಯರ ಮುಖ್ಯ ಗಡಿಯಾರ ಇರುವುದು ಮಿದುಳಿನ ಹೈಪೊಥಲಾಮಸ್ಸಿನಲ್ಲಿ, ಎರಡೂ ಕಣ್ಣಿನ ನರ ಅಡ್ಡ ಹಾಯುವ ಜಾಗದ ನೇರ ಮೇಲೆ, ಸುಮಾರು 20,000 ನರಕೋಶಗಳ ಗುಂಪಿನಲ್ಲಿ. ಅದರ ಸ್ವಂತ ದಿನ ಸರಾಸರಿ 24 ಗಂಟೆಗಿಂತ ತುಸು ಹೆಚ್ಚು. ಬೆಳಗಿನ ಬೆಳಕು ಅದನ್ನು ದಿನಾ ಸ್ವಲ್ಪ ಮುಂಚಿನ ಕಡೆಗೆಳೆದು ಸರಿ ಮಾಡುತ್ತಿರಬೇಕು. ರಾತ್ರಿಯ ಮೊದಲ ಭಾಗದ ಬೆಳಕು ಅದನ್ನು ಇನ್ನೂ ತಡ ಮಾಡುತ್ತದೆ.

ಇಲ್ಲಿಗೆ ಬಂದಾಗ ತರಗತಿಯಲ್ಲಿ ಬ್ರಾಹ್ಮೀ ಮುಹೂರ್ತದ ಮಾತು ಬಾರದೆ ಇರುವುದಿಲ್ಲ. ನಾಲ್ಕಕ್ಕೆ ಎದ್ದು ಓದು, ಓದಿದ್ದು ತಲೆಯಲ್ಲಿ ನಿಲ್ಲುತ್ತದೆ ಎಂದು ಮನೆಯ ಹಿರಿಯರಿಂದ ಬೈಸಿಕೊಳ್ಳದ ವಿದ್ಯಾರ್ಥಿ ನನಗೆ ಸಿಕ್ಕಿಲ್ಲ. ಹದಿಹರೆಯದಲ್ಲಿ ಗಡಿಯಾರ ತಡದ ಕಡೆ ಸರಿಯುತ್ತದೆ. ಇಪ್ಪತ್ತರ ಆಸುಪಾಸಿನಲ್ಲಿ ಅದು ಅತಿ ತಡವಾಗಿದ್ದು, ಆಮೇಲೆ ವಯಸ್ಸಾದಂತೆ ಮೆಲ್ಲಗೆ ಮುಂಚಿನ ಕಡೆ ಬರುತ್ತದೆ. ಅಜ್ಜಿಗೆ ನಾಲ್ಕು ಗಂಟೆ ನಿಜವಾಗಿಯೂ ಬೆಳಗು, ಪಿಯುಸಿ ಓದುವ ಮೊಮ್ಮಗನಿಗೆ ಅದು ನಡುರಾತ್ರಿ. ಹನ್ನೆರಡಕ್ಕೆ ಮಲಗಿದವನನ್ನು ನಾಲ್ಕಕ್ಕೆ ಎಬ್ಬಿಸಿದರೆ ಕಳೆದುಹೋಗುವುದು ನಿದ್ದೆಯ ಕೊನೆಯ ಪಾಲು, ಕನಸಿನ ನಿದ್ದೆ ಹೆಚ್ಚಿರುವುದು ಅಲ್ಲೇ. ಹತ್ತಕ್ಕೆ ಮಲಗಿ ಐದೂವರೆಗೆ ಏಳುವವರ ಜೊತೆ ನನ್ನದೇನೂ ಜಗಳವಿಲ್ಲ. ಮೂರು ಗಂಟೆಗೇ ಎಬ್ಬಿಸಿ ಕೂರಿಸುವ ಕೋಚಿಂಗ್ ಹಾಸ್ಟೆಲ್ಲುಗಳ ಜೊತೆ ಇದೆ.

ಮಕ್ಕಳು ತಮ್ಮ ಗಡಿಯಾರವನ್ನೂ ಅಳೆಯಲಿ ಎಂದು ನಿದ್ದೆ ದಿನಚರಿ ಬರೆಸುತ್ತೇನೆ. ಆ್ಯಪ್ ಬೇಡ, ನೋಟ್‌ಬುಕ್ ಸಾಕು. ಅಲಾರಂ ಇಡದ ರಜೆಯ ದಿನ ಯಾವಾಗ ನಿದ್ದೆ ಹತ್ತಿತು, ಯಾವಾಗ ಎಚ್ಚರವಾಯಿತು, ಎರಡರ ನಡುಬಿಂದು ಯಾವುದು. ಹನ್ನೆರಡೂವರೆಗೆ ಮಲಗಿ ಎಂಟೂವರೆಗೆ ಎದ್ದರೆ ನಡುಬಿಂದು ನಾಲ್ಕೂವರೆ. ಕಾಲೇಜಿನ ದಿನಗಳ ನಡುಬಿಂದುವಿಗೂ ಇದಕ್ಕೂ ಎಷ್ಟು ಗಂಟೆ ವ್ಯತ್ಯಾಸ ಎಂಬುದೇ ಅವರು ವಾರವಿಡೀ ಎಳೆದುಕೊಂಡು ಹೋಗುವ ಭಾರ. ಹಳ್ಳಿಯಿಂದ ಮೊದಲ ಬಸ್ಸಿಗೆ ಬರುವವರಲ್ಲಿ ಅದು ದೊಡ್ಡದು.

ಎನ್‌ಎಸ್‌ಎಸ್ ಶಿಬಿರಕ್ಕೆ ಹೋದ ಏಳು ದಿನದ ದಿನಚರಿ ತಂದವರಲ್ಲಿ ನಡುಬಿಂದು ಎಲ್ಲರದ್ದೂ ಮುಂಚೆ ಬಂದಿತ್ತು. 2013ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಕೆಲವರನ್ನು ವಿದ್ಯುತ್ ದೀಪವಿಲ್ಲದ ಕಾಡಿನಲ್ಲಿ ಒಂದು ವಾರ ಡೇರೆ ಹಾಕಿಸಿ ಉಳಿಸಿದಾಗ, ರಾತ್ರಿಯಾಯಿತೆಂದು ಮೈಗೆ ಹೇಳುವ ಹಾರ್ಮೋನು ಮೆಲಟೋನಿನ್ ಅವರಲ್ಲಿ ಏರುವ ಹೊತ್ತು ಸುಮಾರು ಎರಡು ಗಂಟೆ ಮುಂಚೆ ಬಂದಿತ್ತು. ಹಗಲೆಲ್ಲ ಬಿಸಿಲು, ರಾತ್ರಿ ಬರೀ ಬೆಂಕಿಯ ಬೆಳಕು. ನಮ್ಮ ಮಕ್ಕಳೂ ಹಗಲೆಲ್ಲ ಊರ ಚರಂಡಿ ತೆಗೆಯುತ್ತ ಬಿಸಿಲಲ್ಲಿದ್ದರು. ಆದರೆ ಅವರನ್ನು ಐದೂವರೆಗೆ ಪ್ರಭಾತಫೇರಿಗೆಂದು ಎಬ್ಬಿಸುತ್ತಿದ್ದರು, ದಿನವಿಡೀ ಸಲಿಕೆ ಹಿಡಿದ ಸುಸ್ತೂ ಇತ್ತು. ಮುಂಚೆ ಬಂದದ್ದು ಗಡಿಯಾರವೋ, ಬರೀ ನಿದ್ದೆಯ ಒತ್ತಡವೋ ದಿನಚರಿ ಹೇಳುವುದಿಲ್ಲ. ಮುಂದಿನ ಶಿಬಿರಕ್ಕೆ ಕಂಕುಳ ಥರ್ಮಾಮೀಟರ್ ಕೊಟ್ಟು ಕಳಿಸಿ, ಎಚ್ಚರವಿದ್ದಾಗಲೆಲ್ಲ ಎರಡು ಗಂಟೆಗೊಮ್ಮೆ ಮೈಶಾಖ ಬರೆಸಬೇಕೆಂದಿದ್ದೇನೆ. ಸಂಜೆಯ ಶಾಖ ಇಳಿಯತೊಡಗುವ ಹೊತ್ತು ಶಿಬಿರದ ಮೊದಲ ದಿನಕ್ಕೂ ಕೊನೆಯ ದಿನಕ್ಕೂ ಸರಿದಿದ್ದರೆ ಒಂದಿಷ್ಟು ಸುಳಿವಾದರೂ ಸಿಗುತ್ತದೆ. ಓಡಾಟ, ಊಟ, ಸ್ನಾನ ಎಲ್ಲವೂ ಆ ಅಂಕಿಯನ್ನು ಕೆಡಿಸುತ್ತವೆ, ಹಾಗಾಗಿ ಅಳೆಯುವ ಮೊದಲು ಕಾಲು ಗಂಟೆ ಸುಮ್ಮನೆ ಕೂರಬೇಕೆಂಬ ನಿಯಮ. ಪಾಲಿಸುವವರು ಯಾರು ಎಂಬುದು ಬೇರೆ ಪ್ರಶ್ನೆ.